ಹಂಗಾಮಿಯಾಗಿ ಕಟ್ಟಿಕೊಂಡ ಲಿಂಗ

ಹಂಗಾಮಿ ಎಂಬ ಮಾತು ಶಿಕಾರಿಪುರದ ನಮ್ಮ ಮನೆಯೊಳಗೆ ಬಂದದ್ದು ಅಕ್ಕನ ಮದುವೆಯ ಮಾತುಕತೆಯ ದಿನ. ಗಂಡು ಸೊರಬದ ಕಡೆಯ ಒಂದು ಹಳ್ಳಿಯವರು. ಪಟೇಲ್ಕಿ ಅವರ ಅಣ್ಣನದು. ಅಣ್ಣ ತೀರಿಕೊಂಡಿದ್ದರು, ಅಣ್ಣನ ಮಗ ಇನ್ನೂ ಚಿಕ್ಕವನು. ಅವನು ವಯಸ್ಸಿಗೆ ಬರುವ ತನಕ ಇವರು ಹಂಗಾಮಿ ಪಟೇಲರು. ಸರ್ಕಾರದ ಕಾಗದಕ್ಕೆ ರುಜು ಹಾಕುವಾಗ ಹೆಸರಿನ ಕೆಳಗೆ ಹಾಗೆಯೇ ಬರೆಯಬೇಕಂತೆ.

ಅಪ್ಪ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟವರು. ಇಂದು ಇದ್ದು ನಾಳೆ ಹೋಗುವ ಅಧಿಕಾರ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಹುಡುಗ ಮೆತ್ತಗಿನವನು, ಮನೆಯಲ್ಲಿ ಗದ್ದೆ ಇತ್ತು, ಲಿಂಗಪೂಜೆ ತಪ್ಪಿಸದ ಮನೆತನ. ಒಪ್ಪಿದರು. ಸೋದರತ್ತೆ ಅಕ್ಕನನ್ನು ಕೆಣಕಿದರು.

"ಏನೇ, ಹಂಗಾಮಿ ಪಟೇಲನ ಕೈ ಹಿಡಿದ್ರೆ ನೀನೂ ಹಂಗಾಮಿ ಪಟೇಲತಿ ಆಗ್ತೀಯಲ್ಲೇ?"

"ಆಗ್ಲಿ ಬಿಡತ್ತೆ," ಎಂದಳು ಅಕ್ಕ. "ಕಾಯಂ ಪಟೇಲತಿ ಆದ್ರೂ ರೊಟ್ಟಿ ತಟ್ಟೋದು ತಪ್ಪುತ್ತಾ? ಹೆಂಚು ಇಬ್ಬರ ಕೈನೂ ಸುಡ್ತೈತೆ."

ಭಾವ ಹಂಗಾಮಿ ಎಂಬ ಆ ಮಾತನ್ನು ಕಚೇರಿಯಿಂದ ಮನೆಗೆ ತಂದು ಎಲ್ಲದಕ್ಕೂ ಹಚ್ಚುತ್ತಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಅಕ್ಕ ಅವರ ಹಾಗೆಯೇ ಗಂಟಲು ದಪ್ಪ ಮಾಡಿ ಆಡಿ ತೋರಿಸಿ ನಮ್ಮನ್ನೆಲ್ಲ ನಗಿಸಿದ್ದಳು. "ಚಪ್ಪಲಿ ಕಿತ್ತೋದ್ರೆ ದಾರ ಕಟ್ಟಿ, 'ಹಂಗಾಮಿಗೆ ಇರ್ಲಿ' ಅಂತಾರೆ. ಅಡಿಗೆಮನೆ ಹೆಂಚು ಸೋರಿದ್ರೆ ಕೊಳಗ ಇಟ್ಟು, 'ಇದು ಹಂಗಾಮಿ ವ್ಯವಸ್ಥೆ' ಅಂತಾರೆ. ಆ ಕೊಳಗ ಹೋದ ಮಳೆಗಾಲದಿಂದ ಅಲ್ಲೇ ಐತೆ ಕಣೇ." ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವ್ವ ಬೈದರು, ತುಂಬಿದ ಬಸುರಿ ಹಾಗೆ ನಗಬಾರದೆಂದು.

ನಮ್ಮಲ್ಲಿ ಬಸುರಿಗೆ ಎಂಟನೆಯ ತಿಂಗಳಲ್ಲಿ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕೊಡುತ್ತಾರೆ. ತಾಯಿ ತನ್ನ ಲಿಂಗದ ಜೊತೆ ಅದನ್ನೂ ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ಕೂಸು ದೊಡ್ಡದಾಗಿ ತಾನೇ ಪೂಜೆ ಮಾಡಿಕೊಳ್ಳುವ ತನಕ ಎರಡಕ್ಕೂ ಅವಳೇ ನೀರೆರೆದು ವಿಭೂತಿ ಹಚ್ಚಬೇಕು. ಆಮೇಲೆಯೇ ಅವಳ ಬಾಯಿಗೆ ನೀರು. ಅಕ್ಕ ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದಳು. ಕೂಸಿನ ಲಿಂಗಕ್ಕೆ ಹೂವಿನ ಒಂದು ಎಸಳು ಹೆಚ್ಚು.

ಹೆರಿಗೆಯಾದ ಮಾರನೆಯ ದಿನ ಅಕ್ಕ ಹೋದಳು. ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಅಪ್ಪ ಓಡಿಹೋಗಿ ಕರೆತಂದ ಡಾಕ್ಟರು ನಾಡಿ ಹಿಡಿದು, ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟು, ಎದ್ದರು. ಕೊನೆಯಲ್ಲಿ ಅವಳಿಗೆ ನೋವಿರಲಿಲ್ಲ, ನಿದ್ದೆ ಬಂದವಳ ಹಾಗೆ ಹೋದಳು. ಶಿವ ಅಷ್ಟು ಮಾಡಿದ. ಕೂಸು ಗಂಡು, ಗಟ್ಟಿಯಾಗಿ ಅಳುತ್ತಿತ್ತು. ಅದೂ ಅವನು ಮಾಡಿದ್ದೇ.

ಸಮಾಧಿಗೆ ಒಯ್ಯುವ ಮುಂಚೆ ಅಯ್ಯನವರು ಅಕ್ಕನ ಲಿಂಗವನ್ನು ಅವಳ ಅಂಗೈಯಲ್ಲಿಟ್ಟರು. ಅದು ಅವಳ ಜೊತೆ ಹೋಗುವಂಥದ್ದು. ಕೂಸಿನ ಲಿಂಗ ಮಣ್ಣಿಗೆ ಹೋಗುವಂತಿಲ್ಲ. ಅದನ್ನು ಅವಳ ಕೊರಳಿಂದ ಬಿಚ್ಚಿ ತೆಗೆದು, ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿದರು.

"ಇದು ಇನ್ನು ಯಾರ ಕೊರಳಿಗೆ?"

ಅವ್ವನಿಗೆ ಎಚ್ಚರವಿದ್ದಂತಿರಲಿಲ್ಲ. ಕೂಸು ನನ್ನ ತೊಡೆಯ ಮೇಲಿತ್ತು. ಕಂಬಕ್ಕೆ ಒರಗಿ ಕೂತಿದ್ದ ಭಾವ ತಲೆ ಎತ್ತದೆಯೇ ಹೇಳಿದರು.

"ಹಂಗಾಮಿಯಾಗಿ ಆ ಹುಡುಗಿ ಕಟ್ಕೊಳ್ಳಲಿ ಅಯ್ಯನೋರೆ."

ಆ ಮಾತಿಗೆ ನನ್ನನ್ನು ಸೇರಿಸಿದ್ದು ಅದೇ ಮೊದಲು. ನನಗೆ ಏನೂ ಅನ್ನಿಸಲಿಲ್ಲ. ಬಾಗಿದೆ, ಅಯ್ಯನವರು ಕಟ್ಟಿದರು. ಶಿವದಾರದಲ್ಲಿ ಅಕ್ಕನ ಮೈಯ ಅರಿಸಿನದ ವಾಸನೆ ಇನ್ನೂ ಇತ್ತು.

ಕೂಸಿಗೆ ಕುತ್ತಿಗೆ ನಿಂತ ಮೇಲೆ ಅಕ್ಕನ ಅತ್ತೆ ಸೊರಬದ ಕಡೆಯಿಂದ ಬಂದರು. ಅಕ್ಕನ ಹಾಗೆ ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು. ಮಾತು ಕಡಿಮೆ, ಆಡಿದ್ದು ಆಯಿತು ಎಂದೇ ಲೆಕ್ಕ.

"ನಮ್ಮ ಮನೆ ಕೂಸು ನಮ್ಮ ಮನೇಲಿ ಬೆಳೀಬೇಕಲ್ರೀ."

"ಇವಳ ಕೈ ಬಿಟ್ರೆ ಅದು ಹಾಲು ಮುಟ್ಟಲ್ಲ ಬೀಗ್ತೀ," ಎಂದರು ಅವ್ವ.

"ಹಂಗಿದ್ರೆ ಇವಳೂ ಬರ್ಲಿ. ಹಂಗಾಮಿಗೆ."

ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿದೆ ಎಂದುಕೊಂಡೆವು. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವುದು ನಮ್ಮವರಲ್ಲಿ ನಡೆದುಕೊಂಡು ಬಂದದ್ದೇ. ವರ್ಷ ಕಳೆದ ಮೇಲೆ ಮಾತು ಎತ್ತಿದರಾಯಿತು ಎಂದು ಅಪ್ಪ ಅವ್ವ ತಮ್ಮೊಳಗೆ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಅವ್ವ ಅಕ್ಕನ ಸೀರೆಗಳನ್ನೇ ನನ್ನ ಟ್ರಂಕಿಗೆ ತುಂಬಿದರು. ಭಾವನ ಮೇಲೆ ನನಗೆ ಆಸೆಯಿರಲಿಲ್ಲ, ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕೂಸನ್ನು ಬಿಟ್ಟಿರುವುದು ಮಾತ್ರ ನನ್ನಿಂದಾಗುತ್ತಿರಲಿಲ್ಲ. ಆ ಮನೆಗೆ ಸೊಸೆಯಾದರೆ ಕೂಸು ನನ್ನದಾಗಿ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಪಟೇಲರ ಮನೆಯ ಜಗಲಿಗೆ ದಿನವೂ ಜನ. ಕಂದಾಯದ ಮಾತು, ಗಡಿಯ ಜಗಳ, ಕೊಂಡವಾಡದಲ್ಲಿ ಸಿಕ್ಕಿಬಿದ್ದ ಎಮ್ಮೆ. ನೀರು ಕೊಡಲು ಹೋದರೆ, ಇದು ಯಾರು ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. "ಸೊಸೆಯ ತಂಗಿ, ಹಂಗಾಮಿಗೆ ಬಂದಾಳೆ," ಎನ್ನುತ್ತಿದ್ದರು ಅತ್ತೆ. ಕೆಲವರು ಮೀಸೆಯೊಳಗೆ ನಗುತ್ತಿದ್ದರು. ಮದುವೆಯಾಗದ ಹುಡುಗಿ, ಹೆಂಡತಿ ಸತ್ತ ಗಂಡಸು, ಒಂದೇ ಮನೆ. ಒಂದು ದಿನ ಅತ್ತೆ ನನ್ನನ್ನು ಒಳಗೆ ಕರೆದರು.

"ಜನದ ಬಾಯಿ ಕೆಟ್ಟದ್ದು ಕಣೇ. ನೀನು ಇನ್ಮೇಲೆ ಅವನನ್ನ ಭಾವ ಅನ್ಬೇಡ, ಅಣ್ಣ ಅನ್ನು. ಇಲ್ಲಿರೋವಷ್ಟು ದಿನ."

ಸರಿಯೆನಿಸಿತು. ಭಾವ ಎಂದರೆ ಸಲುಗೆಯ ಮಾತು, ಅಣ್ಣ ಎಂದರೆ ಯಾರೂ ಏನೂ ಆಡುವಂತಿಲ್ಲ. ಅಂದಿನಿಂದ, "ಅಣ್ಣಾ, ಊಟಕ್ಕೆ ಏಳ್ರಿ," ಎಂದೆ. ಅವರೂ, "ಬಂದೆ ತಂಗೀ," ಎಂದರು. ಜಗಲಿಯ ನಗು ನಿಂತಿತು.

ಹಿಂದಿನ ಓಣಿಯಲ್ಲಿ ಹತ್ತಿ ಹಿಂಜುವ ಸಾಬರ ಮನೆಯಿತ್ತು. ಕೂಸಿಗೆ ಹಸುವಿನ ಹಾಲು ಒಗ್ಗದೆ ಭೇದಿ ಹಿಡಿದು ಕಣ್ಣು ಗುಳಿಬಿದ್ದಾಗ ಆ ಮನೆಯಾಕೆ ತನ್ನ ಮೇಕೆಯ ಹಾಲು ಕೊಟ್ಟು ಅದನ್ನು ಉಳಿಸಿದಳು. ಯಾವ ದಿನವೂ ತಪ್ಪಿಸಲಿಲ್ಲ, ಏನನ್ನೂ ಕೇಳಲಿಲ್ಲ. ಬೆಳಿಗ್ಗೆ ಕೂಸಿನ ಲಿಂಗಕ್ಕೆ ನೀರೆರೆಯುವಾಗ ಅವಳ ಮೇಕೆಗೂ ಒಳ್ಳೆಯದಾಗಲಿ ಎಂದು ಕೇಳಿಕೊಳ್ಳುತ್ತಿದ್ದೆ. ಒಮ್ಮೆ ಹಾಲು ಬಗ್ಗಿಸುತ್ತಾ ಅವಳು ಕೇಳಿದಳು.

"ಏನವ್ವಾ, ಪಟೇಲರನ್ನ ಅಣ್ಣ ಅಂತೀಯಂತೆ?"

"ಹಂಗಾಮಿಗೆ ಬೀಬಿ. ಜನರ ಬಾಯಿಗೆ."

"ನೋಡ್ಕೋ ತಾಯಿ. ನಮ್ಮಲ್ಲಿ ಒಬ್ಬಳ ಎದೆಹಾಲು ಕುಡಿದ ಮಕ್ಕಳು ಸಾಯೋತನಕ ಅಣ್ಣ ತಂಗಿ. ಆಮೇಲೆ ಬದಲಿಸೋಕಾಗಲ್ಲ. ನಿಮ್ಮಲ್ಲಿ ಹೆಂಗೋ."

"ನಮ್ಮಲ್ಲಿ ಹಂಗೇನಿಲ್ಲ," ಎಂದೆ.

ಶ್ರಾವಣ ಬಂತು. ಪಂಚಮಿಯಲ್ಲಿ ಹೆಣ್ಣುಮಕ್ಕಳು ಅಣ್ಣ ತಮ್ಮಂದಿರ ಬೆನ್ನಿಗೆ ಹಾಲು ಹಚ್ಚಿ ತೊಳೆಯುತ್ತಾರೆ, ಅವರು ಕುಪ್ಪಸದ ಕಣ ಕೊಡುತ್ತಾರೆ. ನಾಗಪ್ಪನಿಗೆ ಹಾಲೆರೆದು ಬಂದ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿದ್ದರು. ಅತ್ತೆ ಹಾಲಿನ ಬಟ್ಟಲನ್ನು ನನ್ನ ಕೈಗಿಟ್ಟರು.

"ಅಣ್ಣನ ಬೆನ್ನು ತೊಳಿ. ಅವನಿಗೆ ಬೇರೆ ತಂಗಿ ಯಾರಿದ್ದಾರೆ?"

ಭಾವ ಅಂಗಿ ತೆಗೆದು ಮಣೆಯ ಮೇಲೆ ಕೂತರು. ನಾನು ಬೆನ್ನಿಗೆ ಹಾಲು ಹಚ್ಚಿ ತೊಳೆದೆ. ಹೆಂಗಸರು ಹಾಡು ಹೇಳಿದರು. ಭಾವ ಹಸಿರು ಅಂಚಿನ ಕಣ ಕೊಟ್ಟರು, ಕಣ್ಣಿಗೊತ್ತಿಕೊಂಡೆ. ಕೂಸು ತೆವಳಿಕೊಂಡು ಬಂದು ಹಾಲಿನ ಬಟ್ಟಲೊಳಗೆ ಕೈಯಿಟ್ಟಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಕ್ಕ ಹೋಗಿ ವರ್ಷ ಕಳೆಯಿತು. ಅಪ್ಪ ಶಿಕಾರಿಪುರದಿಂದ ವೀಳ್ಯದೆಲೆ, ಅಡಿಕೆ, ಹಣ್ಣು ಹಿಡಿದು ಬಂದರು. ನಾನು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಮಾತು ಸುತ್ತಲಿಲ್ಲ. ಚಿಕ್ಕವಳನ್ನೂ ಇದೇ ಮನೆಗೆ ಕೊಡುತ್ತೇನೆ, ಕೂಸಿಗೆ ತಾಯಿಯಾಗುತ್ತಾಳೆ ಎಂದರು.

ಅತ್ತೆ ಎಲೆಯ ತಟ್ಟೆಯನ್ನು ಮುಟ್ಟಲಿಲ್ಲ. "ಏನ್ರೀ ಇದು? ಅಣ್ಣಾ ಅಂತ ಕರೆದು ಪಂಚಮಿಗೆ ಬೆನ್ನು ತೊಳೆದ ಹುಡುಗೀನ ಅವನಿಗೇ ಕಟ್ಟೋಕಾಗುತ್ತಾ? ಓಣಿಗೆ ಓಣಿಯೇ ನೋಡೈತೆ."

"ಅದು ಜನರ ಬಾಯಿ ಮುಚ್ಚಾಕೆ ನೀವೇ ಹೇಳಿಕೊಟ್ಟಿದ್ದಲ್ರೀ. ಹಂಗಾಮಿ ಮಾತು."

"ಪಟೇಲ್ಕಿ ಹಂಗಾಮಿ ಇರಬಹುದು. ಅಣ್ಣ ತಂಗಿ ಹಂಗಾಮಿ ಇರ್ತದೇನ್ರೀ?"

ಅಪ್ಪ ಭಾವನ ಕಡೆ ತಿರುಗಿದರು. "ನೀನೇ ಹೇಳಪ್ಪಾ."

ಎಲ್ಲದಕ್ಕೂ ಆ ಮಾತನ್ನೇ ಹಚ್ಚುತ್ತಿದ್ದ ಮನುಷ್ಯ. ಅಂದೂ ಹಚ್ಚುತ್ತಾರೆ ಎಂದು ಕಾದೆ. ಭಾವ ತಮ್ಮ ಅಂಗೈಯನ್ನೇ ನೋಡುತ್ತಾ, "ನಾನೂ ತಂಗೀ ಅಂತ ಕರೆದೀನಿ ಮಾವ. ಕಣ ಕೊಟ್ಟೀನಿ," ಎಂದರು. ಅಷ್ಟೇ.

ಕೂಸು ನನ್ನ ಶಿವದಾರ ಹಿಡಿದು ಎಳೆಯುತ್ತಿತ್ತು. ಬಿಡಿಸಲು ಹೋಗಲಿಲ್ಲ.

ಅತ್ತೆ ಬೇಕೆಂದೇ ಹಾಗೆ ಮಾಡಿದರೋ, ಮಾಡಿದ ಮೇಲೆ ಅದರ ಭಾರ ತಿಳಿಯಿತೋ, ನನಗೆ ಗೊತ್ತಿಲ್ಲ. ಅವರ ತವರಿನಲ್ಲಿ ಅಣ್ಣನ ಮಗಳು, ಮದುವೆಗೆ ಬಂದ ಹುಡುಗಿಯೊಬ್ಬಳು ಇದ್ದದ್ದು ನಿಜ. ನನಗೆ ಊಟಕ್ಕೆ ಬಟ್ಟೆಗೆ ಅವರು ಎಂದೂ ಕಡಿಮೆ ಮಾಡಲಿಲ್ಲ. ಅದೂ ನಿಜ. ಉಳಿದದ್ದನ್ನು ಶಿವ ನೋಡಿಕೊಳ್ಳಲಿ.

ಭಾವನನ್ನು ಮದುವೆಯಾಗಿ ಆ ಹುಡುಗಿ ಬಂದಳು. ನನ್ನ ವಯಸ್ಸಿನವಳೇ. ಹೆದರಿದ ಕಣ್ಣು. ಅಯ್ಯನವರನ್ನು ಕರೆಸಿದರು. ಅವಳು ಮಿಂದು ಒದ್ದೆ ಕೂದಲಲ್ಲಿ ಮಣೆಯ ಮೇಲೆ ಕೂತಳು, ನಾನು ಎದುರಿಗೆ. ಕೊರಳಿಂದ ಕೂಸಿನ ಲಿಂಗವನ್ನು ಬಿಚ್ಚಬೇಕಿತ್ತು. ನೀರು, ವಿಭೂತಿ, ಬೆವರು ಕುಡಿದು ಶಿವದಾರದ ಗಂಟು ಕಲ್ಲಾಗಿತ್ತು, ಬಿಚ್ಚಲು ಬರಲಿಲ್ಲ. ದಾರ ಕೊಯ್ಯಲು ಅಯ್ಯನವರು ಒಪ್ಪಲಿಲ್ಲ. ಕೊನೆಗೆ ಆ ಹುಡುಗಿಯೇ ಮುಂದೆ ಬಾಗಿ, ಉಗುರಿನಿಂದ ಗಂಟನ್ನು ಬಿಡಿಸಿದಳು.

"ನೋವಾಯ್ತೇನ್ರೀ?" ಎಂದು ಮೆಲ್ಲಗೆ ಕೇಳಿದಳು. ಆ ಮನೆಯಲ್ಲಿ ನನ್ನನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ಕೂಸು ಒಳ್ಳೆಯ ಕೈಗೆ ಬಿತ್ತು ಎಂದು ಆಗಲೇ ತಿಳಿಯಿತು, ಎದೆ ಅಷ್ಟು ತಣ್ಣಗಾಯಿತು.

"ಹೂವಿನ ಒಂದು ಎಸಳು ಹೆಚ್ಚಿಗೆ ಇಡು," ಎಂದೆ. "ಅವರವ್ವ ಇಡ್ತಿದ್ಲು."

ಕೂಸಿಗೆ ಆಗ ಮಾತು ಬರುತ್ತಿತ್ತು. ನನ್ನನ್ನು ಅವ್ವಾ ಎನ್ನುತ್ತಿತ್ತು. ಯಾರೂ ಅದನ್ನು ತಿದ್ದಿರಲಿಲ್ಲ, ನಾನಂತೂ ತಿದ್ದಿರಲಿಲ್ಲ. ಟ್ರಂಕು ಹೊರಗಿಟ್ಟಾಗ ಬಾಗಿಲಿಗೆ ಬಂದು ಕೈ ಚಾಚಿ ಕೂಗಿತು. ಅತ್ತೆ ಎತ್ತಿಕೊಂಡು, "ಅವ್ವ ಅಲ್ಲ ಮರೀ, ಚಿಕ್ಕವ್ವ ಅನ್ನು. ಚಿಕ್ಕವ್ವ ಊರಿಗೆ ಹೋಗ್ತಾಳೆ," ಎಂದರು. ಅದು ಮತ್ತೂ ಜೋರಾಗಿ ಅವ್ವಾ ಎಂದಿತು. ಅಪ್ಪ ನನ್ನ ಭುಜ ಹಿಡಿದು ರಸ್ತೆಯ ಕಡೆ ತಿರುಗಿಸಿದರು. ಭಾವ ಜಗಲಿಯಲ್ಲಿ ಯಾರದೋ ಕಾಗದಕ್ಕೆ ರುಜು ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಹಿತ್ತಲ ಬೇಲಿಯ ಹತ್ತಿರ ಬೀಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಸೊರಬದಲ್ಲಿ ಬಸ್ಸು ಹತ್ತಿದಾಗ ಕೂರಲು ಜಾಗ ಸಿಕ್ಕಿತು. ಶಿಕಾರಿಪುರದ ತನಕ ಅಪ್ಪ ಟ್ರಂಕನ್ನು ಕಾಲಿನ ನಡುವೆ ಹಿಡಿದು ಕೂತಿದ್ದರು.

ಮರುದಿನ ಬೆಳಿಗ್ಗೆ ಮಿಂದು ಪೂಜೆಗೆ ಕೂತೆ. ನನ್ನ ಲಿಂಗಕ್ಕೆ ನೀರೆರೆದೆ, ವಿಭೂತಿ ಹಚ್ಚಿದೆ, ಹೂವಿಟ್ಟೆ, ಮತ್ತೆ ಕರಡಿಗೆಯೊಳಗೆ ಇಟ್ಟೆ. ಆಮೇಲೆ ಎಂದಿನಂತೆ ಎಡಗೈ ಮತ್ತೊಮ್ಮೆ ಅಗಲವಾಗಿ ಮುಂದೆ ಬಂತು. ಬಲಗೈಯಲ್ಲಿ ನೀರಿನ ಗಿಂಡಿ ಬಾಗಿತು. ನೀರು ಬರೀ ಅಂಗೈಗೆ ಬಿದ್ದು, ಬೆರಳ ಸಂದಿಯಿಂದ ಮಣೆಯ ಮೇಲೆ ಹರಿಯಿತು.

"ಇನ್ನೂ ಪೂಜೆ ಮುಗೀಲಿಲ್ಲೇನೆ?" ಅವ್ವ ಅಡಿಗೆಮನೆಯಿಂದ ಕೂಗಿದರು.

"ಮುಗೀತವ್ವ," ಎಂದೆ. ಮಣೆ ಒರೆಸಿ ಎದ್ದೆ.