ಕತ್ತರಿಸಿ ಎಸೆದ ಎರಡನೇ ಪ್ರತಿಧ್ವನಿ

ಸುಳ್ಳು ಹೇಳಿದವನು ನಾನು. ನೀಲಾಳದೇ ತಪ್ಪು ಎಂದು ಇಷ್ಟು ವರ್ಷ ನಂಬಿದವರೆಲ್ಲ ಕೇಳಿ — ಅವಳ ಪುರಾವೆಯನ್ನು ಕತ್ತರಿಸಿ ಒಲೆಗೆ ಹಾಕಿದವನು ನಾನೇ.

ಎಪ್ಪತ್ತರ ದಶಕದ ಕೊನೆ. ಬೆಳಗಾವಿಯ ಕಾಲೇಜೊಂದರಲ್ಲಿ ನಾನೂ ನೀಲಾಳೂ ಒಬ್ಬರೇ ಗುರುಗಳ ಬಳಿ ಸಂಶೋಧನೆ ಮಾಡುತ್ತಿದ್ದೆವು. ಅವಳು ಖಾನಾಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಕಾರವಾರದ ಕಡಲಲ್ಲಿ ದೋಣಿಯಿಂದ ಶಬ್ದ ಬಿಟ್ಟರೆ, ತಳಕ್ಕೆ ಬಡಿದು ಮರಳಿದ ಪ್ರತಿಧ್ವನಿಯನ್ನು ಯಂತ್ರ ಕಾಗದದ ಮೇಲೆ ಗೀರುತ್ತಿತ್ತು. ಆ ಸುರುಳಿಗಳನ್ನು ಬೆಳಗಾವಿಗೆ ತಂದು ಇಬ್ಬರೂ ಓದುತ್ತಿದ್ದೆವು. ಮೊದಲ ಗೀರು ಆಳ ಹೇಳುತ್ತದೆ. ಅದರ ಕೆಳಗೆ ಕೆಲವೆಡೆ ಇನ್ನೊಂದು ಮಸುಕು ಗೀರು — ತಳಕ್ಕೆ ಎರಡು ಸಲ ಹೋಗಿ ಬಂದ ಶಬ್ದ. ನಾನು ಅದನ್ನು ಕಸ ಎನ್ನುತ್ತಿದ್ದೆ. ನೀಲಾ ಅನ್ನಲಿಲ್ಲ. ಕೆಸರು ಶಬ್ದವನ್ನು ನುಂಗುತ್ತದೆ, ಬಂಡೆ ತಿರುಗಿ ಎಸೆಯುತ್ತದೆ. ಎರಡನೇ ಗೀರು ದಟ್ಟವಾಗಿದ್ದಲ್ಲಿ ನೆಲ ಬೇರೆ, ಬದುಕುವ ಜೀವವೂ ಬೇರೆ ಎಂದಳು.

ಅವಳದು ಸರಿಯಾಗಿತ್ತು. ಅದೇ ನನ್ನ ಸಂಕಟ! ಅಲ್ಲೆಲ್ಲ ಬರೀ ಕೆಸರು ಎಂದು ನನ್ನ ಪ್ರಬಂಧ ಮುಗಿದಿತ್ತು. ನೀಲಾ ತನ್ನ ವಾದವನ್ನು ಎಲ್ಲರ ಮುಂದೆ ಮಂಡಿಸಬೇಕಿದ್ದ ಸಭೆಯ ಹಿಂದಿನ ದಿನ ಸುರುಳಿಗಳ ಕೆಳಭಾಗವನ್ನೇ ಕತ್ತರಿಸಿದೆ. ಸಭೆಯಲ್ಲಿ ತೋರಿಸುವ ಫಲಕಕ್ಕೆ ಹೊಂದಿಸಲು ಅಂಚು ಕತ್ತರಿಸುವುದು ನಮ್ಮಲ್ಲಿ ರೂಢಿ, ಯಾರೂ ಸಂಶಯಪಡಲಿಲ್ಲ.

"ಎರಡನೇ ಗೀರು ಎಲ್ಲೈತಿ? ತೋರಸವಾ," ಎಂದರು ಗುರುಗಳು.

ನೀಲಾ ನನ್ನತ್ತ ತಿರುಗಿದಳು. "ಇವ್ರೂ ನೋಡ್ಯಾರ್ರಿ ಸರ್. ಕೇಳ್ರಿ ಇವ್ರನ್ನ."

"ನಾ ಏನೂ ನೋಡಿಲ್ರಿ," ಎಂದೆ.

"ಹೆಣ್ಮಕ್ಕಳಿಗೆ ಸಮುದ್ರ ಯಾಕ ಬೇಕಾಗಿತ್ರಿ?" ಎಂದು ಯಾರೋ ನಕ್ಕರು. ನಾನೂ ನಕ್ಕೆ — ಥೂ! ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಇಲ್ಲದ ಗೀರನ್ನು ಕಂಡೆನೆಂದಳು ಎಂಬ ಅಪವಾದಕ್ಕೆ ಅವಳ ಸಂಶೋಧನೆ ಅಲ್ಲಿಗೇ ನಿಂತಿತು. ಖಾನಾಪುರದ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದಳು. ನನಗೆ ಪದವಿ, ನೌಕರಿ, ಹಾರ-ತುರಾಯಿ.

ಎಂಬತ್ತರ ದಶಕ ಮುಗಿಯುವಾಗ, ಎರಡೂ ಪ್ರತಿಧ್ವನಿಗಳನ್ನು ಓದಿ ಕಡಲತಳದ ಬಗೆಗಳನ್ನು ಹೇಳುವ ವಿದೇಶಿ ಯಂತ್ರ ಬಂದ ಸುದ್ದಿ ಓದಿದೆ. ಕೂರಲಾಗಲಿಲ್ಲ, ಖಾನಾಪುರಕ್ಕೆ ಹೋದೆ. ಅವಳೆದುರು ಎಲ್ಲ ಹೇಳಿದೆ, ಅತ್ತೂಬಿಟ್ಟೆ. ಕ್ಷಮೆ ಸಿಕ್ಕೀತೆಂಬ ಆಸೆ — ನಾಚಿಕೆಗೇಡಿ ಆಸೆ!

"ಕುಂದರ್ರಿ" ಅಂತ ಸಹ ಅವಳು ಅನ್ನಲಿಲ್ಲ. "ನನಗ್ಯಾಕ ಹೇಳಾಕ ಬಂದೀರಿ? ನೀವ ಕತ್ತರಿಸೀರಿ ಅಂತ ನನಗ ಅವತ್ತ ಗೊತ್ತಾಗಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ."

ಹೇಳಲಿಲ್ಲ. ನೌಕರಿ ಮುಗಿಯಲಿ ಎಂದು ಕಾದೆ; ಪಿಂಚಣಿ ಗಟ್ಟಿಯಾದ ಮೇಲೆ ಧೈರ್ಯ ಬಂತು. ಎಂಥ ಧೈರ್ಯ!

ಈಗ ನಿಮಗೆ ಹೇಳಿದ್ದೇನೆ. ಪದವಿಪತ್ರವನ್ನು ಕೊಟ್ಟವರಿಗೇ ತಿರುಗಿ ಕಳಿಸಿದ್ದೇನೆ. ನೀಲಾಳ ಮನೆಗೆ ಮತ್ತೆ ಹೋಗಿಲ್ಲ, ಹೋಗುವುದೂ ಇಲ್ಲ — ಅವಳು ಕೇಳಿದ್ದು ಅದಲ್ಲ.