ರಾಜಕುಮಾರರ ಶಿಫಾರಸು

ಅಡಿಲೇಡ್‌ನ ಮಾಸನ್ ಲೇಕ್ಸ್ ಕ್ಲಿನಿಕ್‌ನಲ್ಲಿ ಡಾಕ್ಟರಾಗಿ ಅದು ನನ್ನ ಮೊದಲ ವಾರ. ವೇಟಿಂಗ್ ರೂಮಿಗೆ ಬಂದು ಒಬ್ಬ ಹೆಂಗಸಿನ ಹೆಸರು ಕರೆದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನಗೆ ನಿಜವಾದ ಡಾಕ್ಟರ್ ಬೇಕು" ಅಂದುಬಿಟ್ಟರು. ನಾನು ಮೈಸೂರಲ್ಲಿ ಓದಿ, ಇಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾಗಿದ್ದೆ.

ಮೂಲೆಯಲ್ಲಿದ್ದ ವಯಸ್ಸಾದವರೊಬ್ಬರು ಕೈ ಎತ್ತಿ, "ಹಾಗಾದರೆ ಮೊದಲು ನನ್ನನ್ನು ನೋಡಿ" ಅಂದರು.

ಒಳಗೆ ಕೂತ ಮೇಲೆ ಥ್ಯಾಂಕ್ಸ್ ಹೇಳಿದೆ. ಅವರು ನಕ್ಕು ತಮ್ಮ ಕಥೆ ಹೇಳಿದರು. ಅವರ ಮನೆತನ ಹಿಂದೆ ಜರ್ಮನಿಯ ಒಂದು ಪುಟ್ಟ ಸೀಮೆಯನ್ನು ಆಳುತ್ತಿತ್ತಂತೆ. ರಾಜ್ಯ ಹೋಗಿ 'ಪ್ರಿನ್ಸ್' ಅನ್ನೋದು ಬರೀ ಸರ್‌ನೇಮ್ ಆಯ್ತು. ಆದರೂ ಮನೆತನದ ಯಜಮಾನ ಯಾರು ಅಂತ ಇವರಿಗೂ ಚಿಕ್ಕಪ್ಪನ ಮಗನಿಗೂ ಕೋರ್ಟಿನಲ್ಲಿ ಜಗಳ. ಇವರ ತಾಯಿ ರಾಜವಂಶದವರಲ್ಲ, ಸ್ಕೂಲ್ ಟೀಚರ್. ಹಾಗಾಗಿ ಇವರಿಗೆ ಹಕ್ಕಿಲ್ಲ ಅಂತ ಆ ತಮ್ಮನ ವಾದ.

"ನೀನು ನಿಜವಾದ ರಾಜಕುಮಾರ ಅಲ್ಲ ಅಂತ ಜೀವಮಾನವಿಡೀ ಕೇಳಿಸಿಕೊಂಡಿದ್ದೀನಿ," ಅಂದರು. "ನನ್ನದು ಹುಟ್ಟಿನಿಂದ ಬಂದದ್ದು, ಯಾರು ಬೇಕಾದರೂ ವಾದ ಮಾಡಬಹುದು. ನಿಮ್ಮದು ಓದಿ ಪಡೆದದ್ದು. ಅದರಲ್ಲಿ ವಾದ ಎಲ್ಲಿ ಬಂತು?"

ನನ್ನ ಕಣ್ಣು ತುಂಬಿಬಂತು. ಬಿಪಿ ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಹೊರಗೆ ಹೋಗುವಾಗ ಅವರು ಆ ಹೆಂಗಸಿನ ಮುಂದೆ ನಿಂತು, "ಒಳ್ಳೆಯ ಡಾಕ್ಟರ್, ಮೇಡಂ" ಅಂದರು. ಆಕೆ ಎದ್ದು ನನ್ನ ಹಿಂದೆ ಬಂದರು.

ಮುಂದಿನ ಸಲ ಅವರು ಬಂದಾಗ ಖುಷಿಯಿಂದ, "ಬನ್ನಿ, ಯುವರ್ ಹೈನೆಸ್" ಅಂದೆ. ಅವರು ಗಾಬರಿಯಾಗಿ ಬಾಗಿಲು ಮುಚ್ಚಿದರು.

"ಮೆಲ್ಲಗೆ, ಡಾಕ್ಟ್ರೇ! ನನ್ನ ಚಿಕ್ಕಪ್ಪನ ಮಗನ ಕಿವಿಗೆ ಬಿದ್ದರೆ ನಿಮ್ಮ ಮೇಲೂ ಕೇಸ್ ಹಾಕ್ತಾನೆ."