ಪೆನ್ಸಿಲಿನ್ ಆಗಿಬರೂದಿಲ್ಲ

ಆಗ ನಮ್ಮ ಮನೆಯೊಳಗೆ ಗುಲಾಬಿ ಬಣ್ಣದ ತಿನಿಸು ಯಾವುದೂ ಬರುತ್ತಿರಲಿಲ್ಲ. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಗೆ ಸಂಜೆ ಗಂಟೆ ಬಾರಿಸುತ್ತ ಬುಡ್ಡಿಕೇಬಾಲ್ ಮಾರುವವನು ಬರುತ್ತಿದ್ದ. ಸಕ್ಕರೆಯ ಗುಲಾಬಿ ಹತ್ತಿ, ಬಾಯಿಗಿಟ್ಟರೆ ಕರಗುವಂಥದ್ದು. ಮುದುಕಿಯ ಕೂದಲು ಅಂತ ಅದರ ಹೆಸರು. ಗಲ್ಲಿಯ ಮಕ್ಕಳ ಮೂಗು ಗಲ್ಲ ಎಲ್ಲ ಅಂಟಂಟಾಗಿ ಹೊಳೆಯುವಾಗ ನಾನು ಮೆಟ್ಟಿಲ ಮೇಲೆ ಕೂತು ಸುಟ್ಟ ಸಕ್ಕರೆಯ ವಾಸನೆಯನ್ನಷ್ಟೇ ಎಳೆದುಕೊಳ್ಳುತ್ತಿದ್ದೆ. ಕೆಂಪು ಐಸ್ ಇಲ್ಲ, ರೋಸ್ ಮಿಲ್ಕ್ ಇಲ್ಲ, ಮದುವೆ ಊಟದ ಗುಲಾಬಿ ಬರ್ಫಿಯೂ ಇಲ್ಲ.

"ನಿನಗ ಆಗಿಬರೂದಿಲ್ಲ" ಎಂದು ಅವ್ವ ಅಂದರೆ ಮುಗಿಯಿತು.

ನಾನು ಮೂರು ವರ್ಷದವಳಿದ್ದಾಗ ಜ್ವರ ಬಂದಿತ್ತಂತೆ. ಗಲ್ಲಿಯ ತುದಿಯ ಡಾಕ್ಟರು ಗುಲಾಬಿ ಬಣ್ಣದ ಔಷಧಿ ಬರೆದುಕೊಟ್ಟರು, ಪೆನಿಸಿಲಿನ್ ಜಾತಿಯದು. ರಾತ್ರಿ ಒಂದು ಚಮಚ ಕುಡಿಸಿದ್ದಾಳೆ, ಅರ್ಧ ನಾನು ಉಗುಳಿದ್ದೇನೆ. ಬೆಳಗಾಗುವಷ್ಟರಲ್ಲಿ ಮೈತುಂಬ ಕೆಂಪು ದದ್ದು. ಎತ್ತಿಕೊಂಡು ಓಡಿದಳು. ಡಾಕ್ಟರು ನೋಡಿ ಔಷಧಿ ಈ ಮಗುವಿಗೆ ಆಗಿಬರುವುದಿಲ್ಲ ಅಂದರಂತೆ. ಅವ್ವ ಬಾಟಲಿಯನ್ನು ಮೋರಿಗೆ ಸುರಿದಳು. ಔಷಧಿ ಗುಲಾಬಿ ಇತ್ತಲ್ಲ, ಎಚ್ಚರಿಕೆಗಿರಲಿ ಅಂತ ಗುಲಾಬಿ ಬಣ್ಣದ್ದೆಲ್ಲವನ್ನೂ ಅದರ ಹಿಂದೆಯೇ ಸುರಿದಳು ಅನ್ನಬೇಕು.

ಶಾಲೆಗೆ ಸೇರಿಸಿದಾಗ ಅವಳು ಇನ್ನೊಂದು ಕೆಲಸ ಮಾಡಿದಳು. ನನ್ನ ಒಳಲಂಗದ ಅಂಚಿಗೆ ಬಿಳಿ ಪಟ್ಟಿ ಹಚ್ಚಿ, ನೀಲಿ ದಾರದಲ್ಲಿ "ಪೆನ್ಸಿಲಿನ್ ಆಗಿಬರೂದಿಲ್ಲ" ಎಂದು ಹೊಲಿದಳು. ಕೊಪ್ಪಳದ ಹಳ್ಳಿಯ ಶಾಲೆಯಲ್ಲಿ ಕಲಿತ ದುಂಡಗಿನ ಕನ್ನಡ ಅಕ್ಷರ. ಅವಳಿಗೆ ಬೇರೆ ಅಕ್ಷರ ಬರುತ್ತಿರಲಿಲ್ಲ. ತೆಲುಗಿನ ನಮ್ಮ ಟೀಚರಮ್ಮ ಒಂದು ದಿನ ಅದನ್ನು ಕೂಡಿಸಿ ಕೂಡಿಸಿ ಓದಿದರು. ಎರಡು ಲಿಪಿಗಳೂ ಅಕ್ಕತಂಗಿಯರ ಹಾಗಿವೆ, ಅರ್ಧ ಓದಬಹುದು.

"ಪೆನ್ಸಿಲ್... ಪೆನ್ಸಿಲ್ ಪಡದಾ ನೀಕು?" ಎಂದು ಕೇಳಿದರು.

ಪಡದು ಅಂದರೆ ತೆಲುಗಿನಲ್ಲಿ ಆಗಿಬರೂದಿಲ್ಲ ಅಂತ. ನಾನು ತಲೆಯಾಡಿಸಿದೆ. ಹಾಗಾಗಿ ಮೂರನೇ ಇಯತ್ತೆಯಲ್ಲಿ ಎಲ್ಲರೂ ಪೆನ್ಸಿಲ್‌ನಲ್ಲಿ ಬರೆಯುವಾಗ ನಾನೊಬ್ಬಳೇ ಪೆನ್ನಿನಲ್ಲಿ ಬರೆದೆ. ಅವ್ವನಿಗೆ ತಿಳಿದಾಗ ಸೆರಗು ಬಾಯಿಗೊತ್ತಿ ನಕ್ಕಳು. ಪಟ್ಟಿಯನ್ನು ಮಾತ್ರ ಬಿಚ್ಚಲಿಲ್ಲ.

ಹತ್ತನೇ ವಯಸ್ಸಿನ ಬೇಸಿಗೆಯಲ್ಲಿ ನನ್ನ ಗಂಟಲು ಕೆಟ್ಟಿತು, ಹಿಂದೆಯೇ ಮೊಣಕಾಲು ಬಾತವು. ಕುಂಟಾಟ ಆಡಲಾಗಲಿಲ್ಲ, ಮೆಟ್ಟಿಲು ಇಳಿಯಲಾಗಲಿಲ್ಲ. ಬೇಗಂಪೇಟೆ ಕಡೆಯ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಇದು ಮತ್ತೆ ಮತ್ತೆ ಬಂದರೆ ಹೃದಯ ಕೆಡುತ್ತದೆ, ಮೂರು ವಾರಕ್ಕೊಂದು ಸೂಜಿ, ವರ್ಷಗಟ್ಟಲೆ, ಎಂದರು. ಸೂಜಿ ಯಾವುದರದು? ಪೆನಿಸಿಲಿನ್‌ನದೇ.

ಅವ್ವ ನನ್ನ ಲಂಗದ ಅಂಚನ್ನು ಎತ್ತಿ ಡಾಕ್ಟರಮ್ಮನಿಗೇ ತೋರಿಸಿದಳು. ನಾಚಿಕೆಯಿಂದ ನಾನು ಸತ್ತೇಹೋದೆ.

"ಪರೀಕ್ಷೆ ಮಾಡದೆ ಹೇಗೆ ಗೊತ್ತಾಗುತ್ತದೆ? ಸೋಮವಾರ ಕರೆದುಕೊಂಡು ಬನ್ನಿ" ಎಂದರು ಅವರು ಹಿಂದಿಯಲ್ಲಿ.

ಆ ವಾರವೆಲ್ಲ ಅವ್ವ ಅನ್ನ ಬಿಟ್ಟಳು, ನಾನು ನಿದ್ದೆ ಬಿಟ್ಟೆ. ಅವಳದು ಹೆದರಿಕೆ, ನನ್ನದು ಹಿಗ್ಗು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಮಾತು ಕೊಟ್ಟಿದ್ದರು: "ಪಾಸಾದ್ರ ಅವತ್ತ ಬುಡ್ಡಿಕೇಬಾಲ್. ಒಂದಲ್ಲ, ಎರಡು!"

"ಕೂಸಿನ ಜೀವದ ಮಾತು ಐತಿ, ನಿಮಗ ಬುಡ್ಡಿ ಕೂದಲಾ ನೆನಪಾಗಾಕತ್ತಾವು" ಎಂದು ಅವ್ವ ಅವರ ಮೇಲೆ ಹರಿಹಾಯ್ದಳು.

ಸೋಮವಾರ ಅಪ್ಪ ರಜೆ ಹಾಕಿದರು. ಸಿಕಂದರಾಬಾದಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಫಿನಾಯಿಲ್ ವಾಸನೆಯ ಕೋಣೆಯಲ್ಲಿ ಉದ್ದ ಬೆಂಚು, ಎದುರಿಗೆ ದೊಡ್ಡ ಗಡಿಯಾರ. ನರ್ಸಮ್ಮ ಮುಂಗೈ ಮೇಲೆ ಚರ್ಮದಡಿ ಎರಡು ಸಣ್ಣ ಚುಚ್ಚು ಚುಚ್ಚಿದರು, ಒಂದು ಔಷಧಿಯದು, ಒಂದು ಬರೀ ಉಪ್ಪುನೀರಿನದು. ಚುಚ್ಚಿದಲ್ಲೆಲ್ಲ ಬಾಲ್‌ಪೆನ್ನಿನಿಂದ ವೃತ್ತ ಎಳೆದರು. ಇಪ್ಪತ್ತು ನಿಮಿಷ ಕೂರಬೇಕು. ವೃತ್ತ ದಾಟಿ ಬಾತರೆ ಫೇಲು.

ಪಕ್ಕದಲ್ಲಿ ನನ್ನಷ್ಟೇ ದೊಡ್ಡ ಹುಡುಗಿ, ನಾಜಿಯಾ. ಅವಳ ಕೈ ಮೇಲೂ ಎರಡು ವೃತ್ತ. ಆಗಲೇ ಅವಳು ಯಾರದೋ ಪೆನ್ನು ಕಸಿದು ಒಂದಕ್ಕೆ ಕಣ್ಣು, ಒಂದಕ್ಕೆ ಮೀಸೆ ಬರೆದಿದ್ದಳು.

"ಜಿಸ್‌ಕಾ ಫೂಲಾ, ವೋ ಜೀತಾ" ಎಂದಳು. ಯಾರದು ಬಾತುಕೊಳ್ಳುತ್ತದೋ ಅವರು ಗೆದ್ದಂತೆ.

ನನಗೋ ಪೇಚಾಟ. ಬಾತರೆ ಆಟ ಗೆಲ್ಲುತ್ತೇನೆ, ಬಾತುಕೊಳ್ಳದಿದ್ದರೆ ಬುಡ್ಡಿಕೇಬಾಲ್ ಗೆಲ್ಲುತ್ತೇನೆ. ಇಬ್ಬರೂ ಕೈ ಕೈ ಜೋಡಿಸಿ, ಉಸಿರು ಹಿಡಿದು ಗಡಿಯಾರದ ಮುಳ್ಳನ್ನು ನೋಡಿದೆವು.

ಅಷ್ಟರಲ್ಲಿ ಡಾಕ್ಟರಮ್ಮ ಬಂದು ಅವ್ವನನ್ನು ಕೇಳಿದರು: "ಆವತ್ತು ಆ ಡಾಕ್ಟರು ಏನಂದರು? ಅವರ ಮಾತಿನಲ್ಲೇ ಹೇಳಿ."

ಅವ್ವ ಈ ಕತೆಯನ್ನು ನೂರು ಸಲ ಹೇಳಿದ್ದಳು. ಡಾಕ್ಟರರ ದನಿ ಮಾಡಿ, ಕನ್ನಡದ ರಾಗದ ತೆಲುಗಿನಲ್ಲಿ ಒಪ್ಪಿಸಿದಳು: "'ಮಂದು ಇಂಕಾ ಪಡಲೇದಮ್ಮಾ' ಅಂದ್ರು ನೋಡ್ರಿ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಇಂಕಾ ಅಂದರಾ?"

"ಹೌದ್ರಿ. ಇಂಕಾ ಪಡಲೇದು."

"ಅಮ್ಮಾ, ಔಷಧಿ ಇನ್ನೂ ಹೊಟ್ಟೆಗೆ ಬಿದ್ದಿಲ್ಲ ಅಂದಿದ್ದಾರೆ. ಪಡಲೇದು, ಬಿದ್ದಿಲ್ಲ. ಇನ್ನೂ ಕುಡಿಸಿ ಅಂತ!"

ಎದುರುಮನೆ ಅತ್ತಮ್ಮ ತನಗೆ ಬದನೆಕಾಯಿ ಪಡದು ಅಂತ ಗೊಣಗುವಾಗ ಅವ್ವ ಆ ಪದ ಕಲಿತಿದ್ದಳು. ಹೈದರಾಬಾದಿಗೆ ಬಂದು ಅವಳು ಕಲಿತ ಮೊದಲ ತೆಲುಗು ಪದಗಳಲ್ಲಿ ಅದೊಂದು. ಪಡು ಎನ್ನುವುದಕ್ಕೆ ಬೀಳು ಎಂಬ ಅರ್ಥವೂ ಇದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಅವ್ವನ ತುಟಿ ಅಲುಗಿತು. "ಇಂಕಾ... ಇನ್ನೂ..." ಏಳು ವರ್ಷ ತಾನೇ ಹೇಳಿದ ಮಾತನ್ನು ಅವಳು ಆಗ ಮೊದಲ ಸಲ ಕೇಳಿಸಿಕೊಂಡಳು. ಅಪ್ಪ ಗೋಡೆ ಕಡೆ ತಿರುಗಿ ನಗು ನುಂಗುತ್ತಿದ್ದರು.

"ನಗಬ್ಯಾಡ್ರಿ, ನೀವರೆ ಯಾವ ಪಂಡಿತರಿದ್ರಿ ಆವಾಗ!"

"ಆದರೂ ಮಾತಿನ ಮೇಲೆ ಸೂಜಿ ಹಾಕಲಾರೆ" ಎಂದರು ಡಾಕ್ಟರಮ್ಮ. "ದದ್ದು ಜ್ವರದ್ದೂ ಇರಬಹುದು, ಔಷಧಿಯದ್ದೂ ಇರಬಹುದು. ಕೈ ಹೇಳಲಿ."

ಇಪ್ಪತ್ತು ನಿಮಿಷ ಆಯಿತು. ನಾಜಿಯಾಳ ಮೀಸೆಯ ವೃತ್ತ ಉಬ್ಬಿ, ಕೆಂಪಾಗಿ, ಗೆರೆ ದಾಟಿತ್ತು. "ಫೂಲಾ! ಮೈಚ್ ಜೀತಿ!" ಗೆದ್ದವಳು ತಾನೇ ಎಂದು ಬೆಂಚಿನ ಮೇಲೆ ನಿಂತು ಕುಣಿದಳು. ಅವಳ ತಾಯಿ ಹಣೆ ಒತ್ತಿಕೊಂಡು, ಗೊತ್ತಾದದ್ದು ಒಳ್ಳೆಯದಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ನನ್ನ ವೃತ್ತಗಳು ಚಪ್ಪಟೆ. ಸೋತೆ ಅಂತ ಒಂದು ಕ್ಷಣ ಅಳು ಬಂತು, ಖರೆ ಹೇಳುತ್ತೇನೆ.

ಆಮೇಲೆ ಬಂತು ಚಮಚ. ಅದರಲ್ಲಿ ಅದೇ ಜಾತಿಯ ಔಷಧಿ, ಗುಲಾಬಿ ಬಣ್ಣದ್ದು! ಮೊದಲು ಒಂದು ತೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಚಮಚದ ತುಂಬ. ಸಿಹಿ, ಹಣ್ಣಿನ ವಾಸನೆ, ಕೊನೆಗೆ ಸುಣ್ಣದಂತೆ ನಾಲಿಗೆಗೆ ಅಂಟುವ ರುಚಿ. ಚಮಚವನ್ನು ಎರಡೂ ಕಡೆ ನೆಕ್ಕಿದೆ. ಮತ್ತೆ ಒಂದು ತಾಸು ಕೂರಬೇಕಿತ್ತು. ಅವ್ವ ಐದು ನಿಮಿಷಕ್ಕೊಮ್ಮೆ ನನ್ನ ಅಂಗಿಯ ಕೊರಳಿನೊಳಗೆ ಇಣುಕಿ ಬೆನ್ನು ನೋಡಿದಳು. "ತುರಸ್ತೈತೇನ? ಉಸರು ಸರಿ ಐತೇನ?" ದದ್ದು ಬರಲೇ ಇಲ್ಲ.

"ಪಾಪಕು ಮಂದು ಪಡಿಂದಿ" ಎಂದರು ನರ್ಸಮ್ಮ, ಮಗುವಿಗೆ ಔಷಧಿ ಪಡಿಂದಿ ಅಂತ. ಅವ್ವ ತಟ್ಟನೆ ಕೇಳಿದಳು, "ಬಿತ್ತು ಅಂತೋ, ಆಗಿಬಂತು ಅಂತೋ?"

"ಎರಡೂ!"

ಇಡೀ ಕೋಣೆ ನಕ್ಕಿತು. ಅವ್ವನೂ ನಕ್ಕಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸಿಕಂದರಾಬಾದಿನಲ್ಲಿ ಬಸ್ಸಿಳಿದು ಅಪ್ಪ ಎರಡು ಬುಡ್ಡಿಕೇಬಾಲ್ ಕೊಂಡರು. ನಾನು ಒಂದರೊಳಗೆ ಮುಖ ಹುದುಗಿಸಿದೆ. ಇನ್ನೊಂದನ್ನು ಅವ್ವನಿಗೆ ಕೊಡಲು ಹೋದರೆ ಅವಳ ಬಾಯಿ ಖಾಲಿ ಇರಲಿಲ್ಲ. ನನ್ನ ಲಂಗದ ಅಂಚನ್ನು ಹಿಡಿದು, ನಿಂತಲ್ಲೇ ಹಲ್ಲಿನಿಂದ ನೀಲಿ ದಾರ ಕಡಿಯುತ್ತಿದ್ದಳು.

ಮೂರು ವಾರಕ್ಕೊಂದರಂತೆ ವರ್ಷಗಟ್ಟಲೆ ಸೂಜಿ ಬಿತ್ತು. ಪ್ರತಿ ಸಲ ಅವ್ವ ಉಪ್ಪು ಬಿಸಿಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ನನ್ನ ಹೃದಯ ಇಂದಿಗೂ ಗಟ್ಟಿಯಾಗಿದೆ.

ಹೋದ ವರ್ಷ ಅವ್ವನನ್ನು ಆಸ್ಪತ್ರೆಗೆ ಸೇರಿಸಿದೆವು. ಪುಪ್ಪುಸಕ್ಕೆ ಸೋಂಕು, ಮೂಗು ಬಾಯಿ ಮೇಲೆ ಮಾಸ್ಕು, ಮಾತಿಲ್ಲ. "ಅಮ್ಮಗಾರಿಕಿ ಏಮೈನಾ ಪಡದಾ?" ಎಂದು ನರ್ಸು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ನನಗೆ ಆಗದ್ದನ್ನು ವರ್ಷಗಟ್ಟಲೆ ದಾರದಲ್ಲಿ ಹೊಲಿದಿಟ್ಟವಳಿಗೆ ಏನು ಆಗಿಬರುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ನರ್ಸು ಅವಳ ಮುಂಗೈಗೆ ಸಣ್ಣದಾಗಿ ಚುಚ್ಚಿ, ಬಾಲ್‌ಪೆನ್ನಿನಿಂದ ವೃತ್ತ ಎಳೆದಳು. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಗಡಿಯಾರ ನೋಡಿದೆ. ಬಾತುಕೊಳ್ಳಲಿಲ್ಲ. ಔಷಧಿ ಅವ್ವನಿಗೆ ಆಗಿಬರುತ್ತಿತ್ತು. ಒಂದು ಡೋಸು ಹೋಗಿತ್ತು, ಎರಡನೆಯದು ಸಂಜೆಗೆ ಇತ್ತು. ಸಂಜೆಯವರೆಗೆ ಅವಳು ಉಳಿಯಲಿಲ್ಲ.

ಇಂಕಾ ಪಡಲೇದು.

ಈಗ ಯಾವ ಬಣ್ಣದ್ದನ್ನು ತಿಂದರೂ ತಡೆಯುವವರಿಲ್ಲ. ಅವಳಿಗೆ ಕೊನೆಯ ಸ್ನಾನ ಮಾಡಿಸುವಾಗ ಕೈ ಮೇಲೆ ಆ ನೀಲಿ ವೃತ್ತ ಇನ್ನೂ ಇತ್ತು. ಚಿಕ್ಕಮ್ಮ ಸಾಬೂನು ಹಚ್ಚಿ ತಿಕ್ಕಲು ಹೋದಳು. ಬೇಡ, ಇರಲಿ ಬಿಡು ಎಂದೆ.